ಬಾಯಿಯೊಳಗಿನ ಬಿಳಿ ಮಚ್ಚೆ: ತಂಬಾಕು ಬಳಸುವವರು ತಿಳಿದಿರಬೇಕಾದ ಸಂಗತಿಗಳು

ಹೈದರಾಬಾದ್ ನಗರದ ವಾಯವ್ಯ ಭಾಗದಲ್ಲಿರುವ ಬಾಲಾನಗರವು ದಕ್ಷಿಣ ಭಾರತದ ಹಳೆಯ ಕೈಗಾರಿಕಾ ಪ್ರದೇಶಗಳಲ್ಲಿ ಒಂದು. 1960ರ ದಶಕದಲ್ಲಿ ಸಾರ್ವಜನಿಕ ವಲಯದ ಇಂಡಿಯನ್ ಡ್ರಗ್ಸ್ ಅಂಡ್ ಫಾರ್ಮಾಸ್ಯುಟಿಕಲ್ಸ್ ಸಂಸ್ಥೆಯ ಔಷಧ ಕಾರ್ಖಾನೆಯೂ ಹಿಂದೂಸ್ಥಾನ್ ಏರೋನಾಟಿಕ್ಸ್ ಸಂಸ್ಥೆಯ ಘಟಕವೂ ಇಲ್ಲಿ ನೆಲೆಗೊಂಡವು. 1968ರಲ್ಲಿ ಯಂತ್ರೋಪಕರಣಗಳ ವಿನ್ಯಾಸವನ್ನು ಕಲಿಸುವ ಕೇಂದ್ರ ಸರ್ಕಾರದ ತರಬೇತಿ ಸಂಸ್ಥೆಯೂ ಇಲ್ಲಿಯೇ ಆರಂಭವಾಯಿತು. ಔಷಧ ಕಾರ್ಖಾನೆಯಲ್ಲಿ ಉತ್ಪಾದನೆ ನಿಂತು ಬಹಳ ವರ್ಷಗಳು ಕಳೆದಿವೆ. ಆದರೆ ಅದರ ಸುತ್ತ ಬೆಳೆದ ಸಣ್ಣ ಷೆಡ್‌ಗಳಲ್ಲಿ ಲೇತ್, ವೆಲ್ಡಿಂಗ್, ಬಿಡಿಭಾಗಗಳ ತಯಾರಿಕೆ ಮುಂತಾದ ಕೆಲಸಗಳು ಇಂದಿಗೂ ನಡೆಯುತ್ತಿವೆ. 1956ರವರೆಗೆ ಹೈದರಾಬಾದ್ ರಾಜ್ಯದ ಭಾಗವಾಗಿದ್ದ ಬೀದರ, ಕಲಬುರಗಿ, ರಾಯಚೂರು ಸೀಮೆಯ ಜನರಿಗೆ ಈ ನಗರವು ಪರಸ್ಥಳವೆಂದು ಎಂದೂ ಅನ್ನಿಸಿದ್ದಿಲ್ಲ. ದುಡಿಮೆಗಾಗಿ ಇಲ್ಲಿಗೆ ಬರುವ ಕನ್ನಡಿಗರ ಪರಂಪರೆ ಅಂದಿನಿಂದ ಇಂದಿನವರೆಗೆ ಮುಂದುವರಿದಿದೆ.

ಇಂತಹ ಕೈಗಾರಿಕಾ ಪ್ರದೇಶಗಳಲ್ಲಿ ಹೊಗೆಯಿಲ್ಲದ ತಂಬಾಕಿನ ಬಳಕೆ ಬೇರೂರಲು ಕಾರಣವಿದೆ. ಬೀಡಿ ಸೇದಬೇಕಾದರೆ ಯಂತ್ರವನ್ನು ನಿಲ್ಲಿಸಿ ಹೊರಗೆ ಹೋಗಬೇಕು. ಎಣ್ಣೆ, ದ್ರಾವಕ, ಅನಿಲಗಳಿರುವ ಕಡೆ ಬೆಂಕಿಕಡ್ಡಿ ಗೀರುವಂತೆಯೇ ಇಲ್ಲ. ಜಗಿಯುವ ತಂಬಾಕಿಗೆ ಈ ತೊಡಕುಗಳಿಲ್ಲ. ಅಂಗೈಯಲ್ಲಿ ಸುಣ್ಣದೊಡನೆ ತಿಕ್ಕಿದ ತಂಬಾಕನ್ನು ಕೆಳತುಟಿಯ ಹಿಂದೆ ಇಟ್ಟುಕೊಂಡರೆ ಎರಡು ಕೈಗಳೂ ಕೆಲಸಕ್ಕೆ ಬಿಡುವಾಗಿಯೇ ಇರುತ್ತವೆ. ರಾತ್ರಿ ಪಾಳಿಯಲ್ಲಿ ನಿದ್ದೆ ತಡೆಯಲೆಂದು, ಊಟ ತಡವಾದಾಗ ಹಸಿವು ಅಡಗಿಸಲೆಂದು ಆರಂಭವಾದ ಅಭ್ಯಾಸವು ಕೆಲವೇ ತಿಂಗಳುಗಳಲ್ಲಿ ದಿನಕ್ಕೆ ಎಂಟು ಹತ್ತು ಬಾರಿಯ ಅಗತ್ಯವಾಗಿ ಪರಿಣಮಿಸುತ್ತದೆ. 2016-17ರಲ್ಲಿ ನಡೆದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ಭಾರತದ ವಯಸ್ಕರಲ್ಲಿ ಶೇ. 28.6ರಷ್ಟು ಜನ ಯಾವುದಾದರೊಂದು ರೂಪದಲ್ಲಿ ತಂಬಾಕು ಬಳಸುತ್ತಿದ್ದರು. ಹೊಗೆಯಿಲ್ಲದ ತಂಬಾಕನ್ನು ಬಳಸುವವರ ಪ್ರಮಾಣವೇ ಶೇ. 21.4ರಷ್ಟಿತ್ತು.

ಬೀದರ ಜಿಲ್ಲೆಯ ಹಳ್ಳಿಯೊಂದರಿಂದ ಬಂದು ಇಲ್ಲಿನ ಷೆಡ್‌ನಲ್ಲಿ ಲೇತ್ ನಡೆಸುವ, ಮೂವತ್ತೈದರ ಆಸುಪಾಸಿನ ಒಬ್ಬ ಕಾರ್ಮಿಕನನ್ನು ಉದಾಹರಣೆಗಾಗಿ ಭಾವಿಸಿಕೊಳ್ಳಬಹುದು. ಹತ್ತು ಹನ್ನೆರಡು ವರ್ಷಗಳಿಂದ ಆತ ಸುಣ್ಣ ಸೇರಿಸಿದ ತಂಬಾಕನ್ನೂ ನಡುನಡುವೆ ಪೊಟ್ಟಣದ ಅಡಿಕೆಯನ್ನೂ ಬಳಸುತ್ತಿದ್ದಾನೆ. ಒಂದು ದಿನ ಮುಖಕ್ಷೌರ ಮಾಡಿಕೊಳ್ಳುವಾಗ ಕೆಳತುಟಿಯನ್ನು ಎಳೆದರೆ ಒಸಡಿನ ಪಕ್ಕದ ತಗ್ಗಿನಲ್ಲಿ ಸುಕ್ಕುಗಟ್ಟಿದ ಬಿಳಿ ಪಟ್ಟೆಯೊಂದು ಕಾಣುತ್ತದೆ. ಒತ್ತಿದರೆ ನೋವಿಲ್ಲ, ರಕ್ತ ಬರುವುದಿಲ್ಲ. ಸುಣ್ಣ ಹೆಚ್ಚಾಗಿರಬೇಕೆಂದು ತನಗೆ ತಾನೇ ಹೇಳಿಕೊಂಡು ಆತ ಕೆಲಸಕ್ಕೆ ಹೊರಡುತ್ತಾನೆ. ವೈದ್ಯರನ್ನು ಕಾಣಲು ಅರ್ಧ ದಿನದ ಕೂಲಿ ಕಳೆದುಕೊಳ್ಳಬೇಕು. ನೋವೇ ಇಲ್ಲದ ವಸ್ತುವಿಗಾಗಿ ಯಾರು ಕೂಲಿ ಬಿಡುತ್ತಾರೆ? ಬಾಯಿಯ ಕ್ಯಾನ್ಸರ್ ಬಹಳಷ್ಟು ಸಂದರ್ಭಗಳಲ್ಲಿ ತಡವಾಗಿ ಪತ್ತೆಯಾಗುವುದಕ್ಕೆ ಈ ಒಂದು ಪ್ರಶ್ನೆಯೇ ಮುಖ್ಯ ಕಾರಣ. ನೋವಿಲ್ಲದಿರುವುದು ಆರೋಗ್ಯದ ಗುರುತೆಂದು ಜನಸಾಮಾನ್ಯರು ನಂಬುತ್ತಾರೆ. ಬಾಯಿಯ ವಿಷಯದಲ್ಲಿ ಈ ನಂಬಿಕೆ ಸುಳ್ಳಾಗುತ್ತದೆ. ರೋಗವು ಮುಂದುವರಿದ ನಂತರವೇ ನೋವು ಕಾಣಿಸಿಕೊಳ್ಳುವುದು ಸಾಮಾನ್ಯ.

ಬಿಳಿ ಬಣ್ಣ ಏಕೆ ಬರುತ್ತದೆ?

ಬಾಯಿಯ ಒಳಭಾಗವನ್ನು ಹೊದಿಸಿರುವ ಲೋಳೆಪೊರೆಯು ತೆಳುವಾಗಿದ್ದು, ಅದರ ಕೆಳಗಿನ ಸೂಕ್ಷ್ಮ ರಕ್ತನಾಳಗಳ ಕೆಂಪು ಹೊರಗೆ ಕಾಣುವುದರಿಂದ ಗುಲಾಬಿ ಬಣ್ಣದ್ದಾಗಿ ತೋರುತ್ತದೆ. ತಂಬಾಕಿನ ರಸ, ಸುಣ್ಣದ ಕ್ಷಾರ, ಹೊಗೆಯ ಬಿಸಿ ಇವುಗಳಲ್ಲಿ ಯಾವುದಾದರೂ ಒಂದು ಭಾಗವನ್ನು ದಿನವೂ ಕೆರಳಿಸುತ್ತಿದ್ದರೆ, ಆ ಭಾಗದ ಜೀವಕೋಶಗಳು ತಮ್ಮ ರಕ್ಷಣೆಗಾಗಿ ಮೇಲ್ಪದರವನ್ನು ದಪ್ಪಗೊಳಿಸುತ್ತವೆ. ಹಾರೆ ಹಿಡಿಯುವವರ ಅಂಗೈಯಲ್ಲಿ ಜಡ್ಡುಗಟ್ಟುವುದೂ ಇದೇ ಬಗೆಯ ಕ್ರಿಯೆ. ಆದರೆ ಬಾಯಿಯಲ್ಲಿ ಈ ಜಡ್ಡು ಸದಾ ಜೊಲ್ಲಿನಲ್ಲಿ ನೆನೆದಿರುತ್ತದೆ. ಬಹಳ ಹೊತ್ತು ಬಟ್ಟೆ ಒಗೆದವರ ಅಂಗೈ ಬೆಳ್ಳಗಾಗುವಂತೆ ಅದೂ ಬೆಳ್ಳಗಾಗುತ್ತದೆ, ಕೆಳಗಿನ ರಕ್ತದ ಕೆಂಪು ಮರೆಯಾಗುತ್ತದೆ.

ವಿಷಯವು ಇಷ್ಟಕ್ಕೇ ಮುಗಿದಿದ್ದರೆ ಆತಂಕಕ್ಕೆ ಕಾರಣವಿರಲಿಲ್ಲ. ತಂಬಾಕಿನ ಎಲೆಯಲ್ಲಿ ನೈಟ್ರೋಸಮೀನ್ ಎಂಬ ವರ್ಗಕ್ಕೆ ಸೇರಿದ, ಕ್ಯಾನ್ಸರ್ ಉಂಟುಮಾಡುವ ರಾಸಾಯನಿಕಗಳಿವೆ. ಇವು ದಪ್ಪನಾದ ಪದರದ ಕೆಳಗಿನ ಜೀವಕೋಶಗಳ ಅನುವಂಶಿಕ ವಸ್ತುವನ್ನು ಕೆಡಿಸಬಲ್ಲವು. ಕೆಟ್ಟ ಕೋಶಗಳು ಕ್ರಮ ತಪ್ಪಿ ಬೆಳೆಯತೊಡಗಿದರೂ ಹೊರನೋಟಕ್ಕೆ ಅದೇ ಬಿಳಿ ಪಟ್ಟೆಯೇ ಕಾಣುತ್ತಿರುತ್ತದೆ. ಕನ್ನಡಿಯ ಮುಂದೆ ನಿಂತವರಿಗಾಗಲಿ, ಎಷ್ಟೋ ವೇಳೆ ಅನುಭವಿ ವೈದ್ಯರಿಗಾಗಲಿ ಬರಿಗಣ್ಣಿನಿಂದ ಈ ವ್ಯತ್ಯಾಸ ತಿಳಿಯಲಾರದು. ಸುಣ್ಣವು ಇನ್ನೊಂದು ಕೆಲಸವನ್ನೂ ಮಾಡುತ್ತದೆ. ಅದರ ಕ್ಷಾರಗುಣದಿಂದ ನಿಕೋಟಿನ್ ಬೇಗನೆ ಬಿಡುಗಡೆಯಾಗಿ ರಕ್ತಕ್ಕೆ ಸೇರುತ್ತದೆ. ಆದುದರಿಂದಲೇ ಸುಣ್ಣವಿಲ್ಲದ ತಂಬಾಕು ಬಳಕೆದಾರರಿಗೆ ಸಪ್ಪೆಯೆನಿಸುತ್ತದೆ.

ಇಂತಹ ಮಚ್ಚೆಗೆ ವೈದ್ಯಶಾಸ್ತ್ರದಲ್ಲಿ ಲ್ಯೂಕೋಪ್ಲೇಕಿಯಾ ಎಂದು ಹೆಸರು. 1877ರಲ್ಲಿ ಹಂಗೇರಿ ದೇಶದ ಚರ್ಮರೋಗ ತಜ್ಞ ಷ್ವಿಮ್ಮರ್ ಎಂಬವರು ಈ ಹೆಸರನ್ನು ಬಳಕೆಗೆ ತಂದರು. ಬಾಯಿಯಲ್ಲಿ ಕಾಣುವ ಎಲ್ಲ ಬಿಳುಪಿಗೂ ಈ ಹೆಸರು ಸಲ್ಲದು. ಒರೆಸಿದರೆ ಹೋಗದ, ಬೇರಾವ ರೋಗಕ್ಕೂ ಸೇರದ ಬಿಳಿ ಮಚ್ಚೆಯನ್ನು ಮಾತ್ರ ಹೀಗೆ ಕರೆಯಲಾಗುತ್ತದೆ.

ಎಲ್ಲ ಬಣ್ಣಗಳೂ ಅಪಾಯದ ಬಣ್ಣಗಳಲ್ಲ

ಅನಗತ್ಯ ಭೀತಿಗೆ ಎಡೆಯಾಗದಂತೆ ಕೆಲವು ಸಂಗತಿಗಳನ್ನು ಇಲ್ಲಿಯೇ ಹೇಳುವುದು ಯುಕ್ತ. ನಮ್ಮ ದೇಶದ ಬಹುಮಂದಿಯ ಒಸಡು ಹುಟ್ಟಿನಿಂದಲೇ ಕಪ್ಪು ಅಥವಾ ಕಂದು ಬಣ್ಣದ್ದಾಗಿರುತ್ತದೆ. ಇದು ಮೈಬಣ್ಣಕ್ಕೆ ಸಂಬಂಧಿಸಿದ್ದು, ರೋಗವಲ್ಲ. ಧೂಮಪಾನಿಗಳ ಮುಂಭಾಗದ ಒಸಡಿನಲ್ಲಿ ಹೊಸದಾಗಿ ಕಂದು ಛಾಯೆ ಕಾಣಿಸಿಕೊಳ್ಳಬಹುದು, ಅಭ್ಯಾಸ ಬಿಟ್ಟ ನಂತರ ಇದು ತಿಂಗಳುಗಳಲ್ಲಿ ನಿಧಾನವಾಗಿ ತಿಳಿಯಾಗುತ್ತದೆ. ಹಲ್ಲಿನ ಮೇಲಿನ ಕಪ್ಪು ಕರೆಯನ್ನು ದಂತವೈದ್ಯರು ಸ್ವಚ್ಛಗೊಳಿಸಬಲ್ಲರು. ಆದರೆ ಹಲ್ಲು ಬೆಳ್ಳಗಾದ ಮಾತ್ರಕ್ಕೆ ಬಾಯಿ ಆರೋಗ್ಯವಾಯಿತೆಂದು ತಿಳಿಯುವವರೇ ಹೆಚ್ಚು.

ಎರಡು ದವಡೆಗಳ ಹಲ್ಲುಗಳು ಕೂಡುವ ಮಟ್ಟದಲ್ಲಿ ಕೆನ್ನೆಯ ಒಳಗೆ ಕಾಣುವ ಸಣ್ಣ ಬಿಳಿ ಗೆರೆಯು ಸಹಜವಾದದ್ದು. ಹತ್ತಿಯಿಂದ ಒರೆಸಿದರೆ ಮೊಸರಿನ ಕೆನೆಯಂತೆ ಎದ್ದು ಬರುವ ಬಿಳುಪು ಶಿಲೀಂಧ್ರದ ಸೋಂಕಾಗಿರಬಹುದು. ಮಧುಮೇಹಿಗಳಲ್ಲಿಯೂ ಕೃತಕ ಹಲ್ಲಿನ ಸೆಟ್ ಧರಿಸುವವರಲ್ಲಿಯೂ ಇದು ಹೆಚ್ಚು. ಎರಡೂ ಕೆನ್ನೆಗಳಲ್ಲಿ ಜೇಡರ ಬಲೆಯಂತೆ ಹರಡಿದ ಗೆರೆಗಳು ಲೈಕನ್ ಪ್ಲೇನಸ್ ಎಂಬ ಬೇರೊಂದು ವ್ಯಾಧಿಯವು. ಅದಕ್ಕೂ ವೈದ್ಯರ ನಿಗಾ ಬೇಕು. ಇನ್ನು ಸುಣ್ಣ ತಗುಲಿ ಸುಟ್ಟ ಗಾಯವಾದರೋ ಹತ್ತಾರು ದಿನಗಳಲ್ಲಿ ತಾನಾಗಿ ಮಾಯುತ್ತದೆ. ಮಾಯದಿದ್ದರೆ ಅದು ಸುಣ್ಣದ ಗಾಯವಲ್ಲ.

ಮಚ್ಚೆಯ ಸ್ಥಳವೇ ಅಭ್ಯಾಸವನ್ನು ಹೇಳುತ್ತದೆ

1966ರಿಂದ ಕೆಲವು ವರ್ಷಗಳ ಕಾಲ ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ಡಾ. ಫಲಿ ಮೆಹ್ತಾ, ಡೆನ್ಮಾರ್ಕಿನ ಪ್ರೊ. ಪಿಂಡ್‌ಬೋರ್ಗ್ ಮತ್ತು ಅವರ ಸಹೋದ್ಯೋಗಿಗಳು ಭಾರತದ ಹಲವು ಜಿಲ್ಲೆಗಳ ಹಳ್ಳಿಗಳಲ್ಲಿ ಮನೆಮನೆಗೆ ತೆರಳಿ ಜನರ ಬಾಯಿಯನ್ನು ಪರೀಕ್ಷಿಸಿದರು. ಗುಜರಾತಿನ ಭಾವನಗರ, ಕೇರಳದ ಎರ್ನಾಕುಲಂ, ಆಂಧ್ರದ ಶ್ರೀಕಾಕುಳಂ ಇವುಗಳಲ್ಲಿ ಸೇರಿದ್ದವು. ತಂಬಾಕನ್ನು ಬಾಯಿಯ ಯಾವ ಭಾಗದಲ್ಲಿ ಇಡಲಾಗುತ್ತದೆಯೋ, ಹೊಗೆ ಎಲ್ಲಿ ತಾಗುತ್ತದೆಯೋ ಅಲ್ಲಿಯೇ ಬದಲಾವಣೆ ಕಾಣುತ್ತದೆಂಬುದು ಈ ಸಮೀಕ್ಷೆಗಳಿಂದ ಸ್ಪಷ್ಟವಾಯಿತು. ಬೀಡಿ ಸೇದುವವರಲ್ಲಿ ಬಾಯಿಯ ಎರಡು ಕೊನೆಗಳ ಒಳಬದಿ, ಎಲೆ ಅಡಿಕೆಯೊಡನೆ ಹೊಗೆಸೊಪ್ಪು ಹಾಕಿಕೊಳ್ಳುವವರಲ್ಲಿ ಕೆನ್ನೆಯ ಒಳಭಾಗ, ಸುಣ್ಣ ಬೆರೆಸಿದ ತಂಬಾಕು ಇಟ್ಟುಕೊಳ್ಳುವವರಲ್ಲಿ ಕೆಳದವಡೆಯ ಮುಂದಿನ ತಗ್ಗು. ಶ್ರೀಕಾಕುಳಂ ಸೀಮೆಯಲ್ಲಿ, ಅದರಲ್ಲಿಯೂ ಹೆಂಗಸರಲ್ಲಿ, ಚುಟ್ಟದ ಉರಿಯುವ ತುದಿಯನ್ನೇ ಬಾಯಿಯೊಳಗಿಟ್ಟು ಸೇದುವ ರೂಢಿಯಿದೆ. ತೆಲುಗಿನಲ್ಲಿ ಇದನ್ನು ‘ಅಡ್ಡ ಪೊಗ’ ಎನ್ನುತ್ತಾರೆ. ಅಲ್ಲಿ ಬದಲಾವಣೆಯೂ ಕ್ಯಾನ್ಸರೂ ಅಂಗುಳಿನಲ್ಲಿ ಕಂಡುಬಂದವು. ಬೇರೆಡೆಗಳಲ್ಲಿ ಗಟ್ಟಿ ಅಂಗುಳಿನ ಕ್ಯಾನ್ಸರ್ ವಿರಳ.

ಆದುದರಿಂದ ಬಾಯಿಯನ್ನು ನೋಡಿಕೊಳ್ಳುವವರು ತಾವು ತಂಬಾಕು ಇಡುವ ಜಾಗವನ್ನೇ ಮೊದಲು ನೋಡತಕ್ಕದ್ದು. ಹಗಲು ಬೆಳಕಿನಲ್ಲಿ, ಬಾಯಿ ಮುಕ್ಕಳಿಸಿದ ನಂತರ, ಕನ್ನಡಿಯ ಮುಂದೆ ನಿಂತು ತುಟಿಗಳನ್ನು ಮಗುಚಿ, ಕೆನ್ನೆಗಳನ್ನು ಬೆರಳಿನಿಂದ ಹೊರಕ್ಕೆಳೆದು ನೋಡಬೇಕು. ನಾಲಿಗೆಯನ್ನು ಹೊರಚಾಚಿ ಎರಡೂ ಅಂಚುಗಳನ್ನೂ, ಮೇಲಕ್ಕೆತ್ತಿ ಅದರ ಅಡಿಭಾಗವನ್ನೂ ಗಮನಿಸಬೇಕು. ನಾಲಿಗೆಯ ಅಂಚಿನಲ್ಲಿ ಅಥವಾ ಅಡಿಯಲ್ಲಿರುವ ಮಚ್ಚೆಯನ್ನು ಕೆನ್ನೆಯ ಮಚ್ಚೆಗಿಂತ ಹೆಚ್ಚು ಗಂಭೀರವಾಗಿ ಪರಿಗಣಿಸಲಾಗುತ್ತದೆ. ತಿಂಗಳಿಗೊಮ್ಮೆ ಮೂರು ನಿಮಿಷ ಇದಕ್ಕೆ ಸಾಕು.

ಕೆಂಪು ಮಚ್ಚೆ ಮತ್ತು ಬಿಗಿಯುವ ಬಾಯಿ

ಬಿಳಿಗಿಂತ ಕೆಂಪು ಹೆಚ್ಚು ಅಪಾಯಕಾರಿ. ಮಕಮಲ್ಲಿನಂತೆ ನುಣುಪಾದ ಕೆಂಪು ಮಚ್ಚೆ ಅಥವಾ ಬಿಳುಪಿನ ನಡುವೆ ಅಲ್ಲಲ್ಲಿ ಕೆಂಪು ಚುಕ್ಕೆಗಳು ಕಂಡರೆ ಒಂದು ವಾರವನ್ನೂ ಕಳೆಯಬಾರದು. 1975ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಇಂತಹ 65 ಕೆಂಪು ಮಚ್ಚೆಗಳನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿದಾಗ ಅರ್ಧಕ್ಕಿಂತ ತುಸು ಹೆಚ್ಚಿನವು ಆಗಲೇ ಕ್ಯಾನ್ಸರ್ ಆಗಿದ್ದವು. ಬಿಳಿ ಮಚ್ಚೆಗಳ ಪೈಕಿ ಕ್ಯಾನ್ಸರಿಗೆ ತಿರುಗುವವು ಇದಕ್ಕೆ ಹೋಲಿಸಿದರೆ ಕೆಲವೇ. ಆದರೆ ಆ ಕೆಲವು ಯಾವುವೆಂದು ಮುಂಚಿತವಾಗಿ ಹೇಳಲು ಬಾರದಿರುವುದರಿಂದ ಎಲ್ಲವನ್ನೂ ಪರೀಕ್ಷಿಸಬೇಕಾಗುತ್ತದೆ.

ಅಡಿಕೆಯಿಂದ ಬರುವ ತೊಂದರೆ ಬೇರೆ ಬಗೆಯದು. ಮೊದಲು ಖಾರ ತಿಂದರೆ ಬಾಯಿ ಉರಿಯುತ್ತದೆ. ಮುಂದೆ ಕೆನ್ನೆ, ಅಂಗುಳುಗಳು ಬೂದು ಬಿಳುಪಿಗೆ ತಿರುಗಿ, ಬೆರಳಿಟ್ಟು ನೋಡಿದರೆ ಒಳಗೆ ನಾರಿನ ಪಟ್ಟಿಗಳು ಬಿಗಿದಂತೆ ಸಿಗುತ್ತವೆ. ಬಾಯಿ ತೆರೆಯುವಷ್ಟು ಅಗಲ ವರ್ಷದಿಂದ ವರ್ಷಕ್ಕೆ ಕುಗ್ಗುತ್ತದೆ. ಹಬ್ಬಕ್ಕೆಂದು ಊರಿಗೆ ಹೋದವನು ಜೋಳದ ರೊಟ್ಟಿಯನ್ನು ಚಿಕ್ಕ ಚಿಕ್ಕ ತುಣುಕು ಮಾಡಿ ತಿನ್ನುವುದನ್ನೂ, ಹಿಂಡಿಯನ್ನು ದೂರ ಸರಿಸುವುದನ್ನೂ ಮನೆಯ ಹೆಣ್ಣುಮಕ್ಕಳೇ ಎಷ್ಟೋ ಬಾರಿ ಮೊದಲು ಕಂಡುಹಿಡಿಯುತ್ತಾರೆ. 1952ರಲ್ಲಿ ಪೂರ್ವ ಆಫ್ರಿಕದಲ್ಲಿ ನೆಲೆಸಿದ್ದ ಐವರು ಭಾರತೀಯ ಮಹಿಳೆಯರಲ್ಲಿ ಷ್ವಾರ್ಟ್ಸ್ ಎಂಬ ವೈದ್ಯರು ಇದನ್ನು ಗುರುತಿಸಿದರು. ಸಬ್‌ಮ್ಯೂಕಸ್ ಫೈಬ್ರೋಸಿಸ್ ಎಂಬುದು ಇದರ ಈಗಿನ ಹೆಸರು. ಅಡಿಕೆಯಲ್ಲಿರುವ ಅರೆಕೋಲಿನ್ ಎಂಬ ವಸ್ತುವು ಲೋಳೆಪೊರೆಯ ಅಡಿಯಲ್ಲಿ ನಾರು ಅಂಗಾಂಶವನ್ನು ಅತಿಯಾಗಿ ಬೆಳೆಸುವುದು ಇದಕ್ಕೆ ಮುಖ್ಯ ಕಾರಣ.

ಕೈಯ ಮಧ್ಯದ ಮೂರು ಬೆರಳುಗಳನ್ನು ಒಂದರ ಮೇಲೊಂದಿರುವಂತೆ ಲಂಬವಾಗಿ ಹಿಡಿದು ಮುಂಭಾಗದ ಹಲ್ಲುಗಳ ನಡುವೆ ಇಟ್ಟು ನೋಡಬಹುದು. ಸಾಮಾನ್ಯವಾಗಿ ಮೂರೂ ಹಿಡಿಯುತ್ತವೆ. ಎರಡೇ ಬೆರಳು ಹಿಡಿದರೆ ವೈದ್ಯರ ಬಳಿ ಹೋಗಬೇಕು. ಬಿಳಿ ಮಚ್ಚೆಯಂತೆ ಈ ಬಿಗಿತವು ಅಭ್ಯಾಸ ಬಿಟ್ಟ ಮಾತ್ರಕ್ಕೆ ಹಿಂದಿರುಗುವುದಿಲ್ಲ, ಮುಂದುವರಿಯುವುದು ಮಾತ್ರ ತಡೆಯುತ್ತದೆ. ಎರ್ನಾಕುಲಂ ಜಿಲ್ಲೆಯ ಇಂತಹ 66 ರೋಗಿಗಳನ್ನು 17 ವರ್ಷಗಳ ಕಾಲ ಗಮನಿಸಿದಾಗ ಐವರಿಗೆ ಬಾಯಿಯ ಕ್ಯಾನ್ಸರ್ ಉಂಟಾಯಿತೆಂದು 1985ರಲ್ಲಿ ವರದಿಯಾಯಿತು. ತಂಬಾಕು ಬೆರೆಯದ ಅಡಿಕೆಯೂ ಕ್ಯಾನ್ಸರ್‌ಕಾರಕವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗವು 2003ರಲ್ಲಿ ತೀರ್ಮಾನಿಸಿದೆ. ಹೀಗಿರುವಾಗ ಮಕ್ಕಳ ಕೈಗೆ ಸಿಹಿ ಅಡಿಕೆಯ ಪೊಟ್ಟಣ ಕೊಡುವುದನ್ನು ಮುದ್ದು ಎಂದು ಕರೆಯಲಾಗದು.

ಗುಟ್ಕಾದಲ್ಲಿ ತಂಬಾಕೂ ಅಡಿಕೆಯೂ ಒಂದಾಗಿರುತ್ತವೆ. 2011ರ ಆಹಾರ ಸುರಕ್ಷಾ ನಿಯಮಗಳು ಆಹಾರಪದಾರ್ಥದಲ್ಲಿ ತಂಬಾಕು, ನಿಕೋಟಿನ್ ಬೆರೆಸುವುದನ್ನು ನಿಷೇಧಿಸಿದವು. ಇದರ ಆಧಾರದ ಮೇಲೆ 2013ರಲ್ಲಿ ಆಂಧ್ರ ಪ್ರದೇಶವೂ ಕರ್ನಾಟಕವೂ ಗುಟ್ಕಾ ಮಾರಾಟವನ್ನು ನಿಷೇಧಿಸಿದವು. ಅನಂತರ ಪಾನ್ ಮಸಾಲೆಯನ್ನು ಒಂದು ಪೊಟ್ಟಣದಲ್ಲಿಯೂ ತಂಬಾಕನ್ನು ಇನ್ನೊಂದರಲ್ಲಿಯೂ ಮಾರುವ ಉಪಾಯ ಹುಟ್ಟಿಕೊಂಡಿತು. ಎರಡನ್ನೂ ಕೊಳ್ಳುವವನ ಬಾಯಿಯಲ್ಲಿ ಅವು ಮತ್ತೆ ಒಂದೇ ಆಗುತ್ತವೆ.

ಪರೀಕ್ಷೆ ಮತ್ತು ಚಿಕಿತ್ಸೆ

ಮಚ್ಚೆ ಕಂಡ ದಿನವೇ ತಂಬಾಕು, ಅಡಿಕೆ, ಸುಣ್ಣಗಳನ್ನು ಸಂಪೂರ್ಣವಾಗಿ ನಿಲ್ಲಿಸತಕ್ಕದ್ದು. ಹಲ್ಲಿನ ಚೂಪಾದ ಅಂಚು ತಾಗುತ್ತಿದ್ದರೆ ಅದನ್ನು ಸರಿಪಡಿಸಿಕೊಳ್ಳಬೇಕು. ಎರಡು ವಾರಗಳ ನಂತರವೂ ಮಚ್ಚೆ ಹಾಗೆಯೇ ಇದ್ದರೆ ದಂತವೈದ್ಯರನ್ನು ಅಥವಾ ಕಿವಿ-ಮೂಗು-ಗಂಟಲು ತಜ್ಞರನ್ನು ಕಾಣಬೇಕು. ಮಾಯದ ಹುಣ್ಣು, ಗಟ್ಟಿಯಾದ ಗಂಟು, ಕಾರಣವಿಲ್ಲದೆ ಅಲುಗುವ ಹಲ್ಲು, ಕುತ್ತಿಗೆಯಲ್ಲಿ ಗಡ್ಡೆ ಇವು ಇದ್ದರೆ ಎರಡು ವಾರ ಕಾಯುವುದೂ ತರವಲ್ಲ. ಈ ಅವಧಿಯಲ್ಲಿ ಔಷಧದಂಗಡಿಯಿಂದ ಬಿ-ಕಾಂಪ್ಲೆಕ್ಸ್ ಗುಳಿಗೆ ತಂದು ನುಂಗುತ್ತಾ ತಿಂಗಳುಗಟ್ಟಲೆ ಕಳೆಯುವುದು ಸಾಮಾನ್ಯವಾಗಿ ಕಾಣುವ ತಪ್ಪು. ಬಿಳಿ ಮಚ್ಚೆಯು ಕ್ಯಾನ್ಸರಿಗೆ ತಿರುಗುವುದನ್ನು ಖಚಿತವಾಗಿ ತಡೆಯುವ ಗುಳಿಗೆಯಾಗಲಿ ಲೇಪವಾಗಲಿ ಈವರೆಗೆ ಸಾಬೀತಾಗಿಲ್ಲ.

ಸಂಶಯವಿದ್ದಲ್ಲಿ ವೈದ್ಯರು ಬಯಾಪ್ಸಿಗೆ ಸೂಚಿಸುತ್ತಾರೆ. ಆ ಜಾಗವನ್ನು ಮಾತ್ರ ಮರಗಟ್ಟಿಸಿ, ಕೆಲವು ಮಿಲಿಮೀಟರಿನಷ್ಟು ತುಣುಕನ್ನು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡುವುದೇ ಬಯಾಪ್ಸಿ. ಅದೇ ದಿನ ಮನೆಗೆ ಹಿಂದಿರುಗಬಹುದು. ಚಾಕು ತಾಗಿದರೆ ಕ್ಯಾನ್ಸರ್ ಹರಡುತ್ತದೆ ಎಂಬ ಮಾತು ಹಳ್ಳಿಗಳಲ್ಲಿಯೂ ನಗರಗಳಲ್ಲಿಯೂ ಸಮಾನವಾಗಿ ಕೇಳಿಬರುತ್ತದೆ. ಇದಕ್ಕೆ ಆಧಾರವಿಲ್ಲ. ರೋಗ ಮುಂದುವರಿದ ಮೇಲೆ ಆಸ್ಪತ್ರೆಗೆ ಬಂದವರು ಬಯಾಪ್ಸಿಯ ನಂತರ ಬದುಕುಳಿಯದಿರುವುದನ್ನು ನೋಡಿ ಜನರು ಕಾರಣವನ್ನು ತಪ್ಪಾಗಿ ಗ್ರಹಿಸಿರಬೇಕು. ಜೀವಕೋಶಗಳು ಕ್ರಮ ತಪ್ಪಿದ್ದರೆ ಮಚ್ಚೆಯನ್ನು ಶಸ್ತ್ರಕ್ರಿಯೆಯಿಂದ ಅಥವಾ ಲೇಸರ್ ಕಿರಣದಿಂದ ತೆಗೆಯಲಾಗುತ್ತದೆ.

ಬಾಲಾನಗರದ ಕಾರ್ಮಿಕರಿಗೆ ಸಮೀಪದ ಸನತ್‌ನಗರದಲ್ಲಿ ನೌಕರರ ರಾಜ್ಯ ವಿಮಾ ನಿಗಮದ ಆಸ್ಪತ್ರೆ ಇದೆ. 2017ರಲ್ಲಿ ಈ ವಿಮೆಯ ವೇತನಮಿತಿಯನ್ನು ತಿಂಗಳಿಗೆ 21,000 ರೂಪಾಯಿಗಳಿಗೆ ಏರಿಸಲಾಯಿತು. ಆದರೆ ಸಾಮಾನ್ಯವಾಗಿ ಹತ್ತು ಅಥವಾ ಹೆಚ್ಚು ಕೆಲಸಗಾರರಿರುವ ಸಂಸ್ಥೆಗಳಿಗೆ ಅನ್ವಯವಾಗುವ ಈ ವಿಮೆ ನಾಲ್ಕೈದು ಜನರ ಷೆಡ್‌ಗಳನ್ನು ತಲಪುವುದಿಲ್ಲ. ಅಂಥವರು ಅಫ್ಜಲ್‌ಗಂಜಿನ ಸರ್ಕಾರಿ ದಂತವೈದ್ಯಕೀಯ ಕಾಲೇಜಿನ ಆಸ್ಪತ್ರೆಗೆ ಹೋಗಬಹುದು. 2018ರಿಂದ ನಗರದ ಬಡಾವಣೆಗಳಲ್ಲಿ ತೆರೆದ ಬಸ್ತಿ ದವಾಖಾನೆಗಳಲ್ಲಿಯೂ ಮೊದಲ ಸಲಹೆ ಪಡೆಯಬಹುದು. ಕ್ಯಾನ್ಸರಿನ ಸಂಶಯವಿದ್ದರೆ ರೆಡ್ ಹಿಲ್ಸ್‌ನಲ್ಲಿರುವ ಸರ್ಕಾರದ ಎಂ.ಎನ್.ಜೆ. ಕ್ಯಾನ್ಸರ್ ಆಸ್ಪತ್ರೆ ಇದೆ. ಊರಿನಲ್ಲಿಯೇ ಚಿಕಿತ್ಸೆ ಬಯಸುವವರಿಗೆ ಕಲಬುರಗಿಯಲ್ಲಿ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆಯ ಶಾಖಾ ಕೇಂದ್ರವಿದೆ. ಮೂವತ್ತರಿಂದ ಅರವತ್ತೈದು ವರ್ಷದೊಳಗಿನ ಎಲ್ಲರ ಬಾಯಿಯನ್ನೂ ಐದು ವರ್ಷಕ್ಕೊಮ್ಮೆ ಪರೀಕ್ಷಿಸಬೇಕೆಂದು ಕೇಂದ್ರ ಆರೋಗ್ಯ ಸಚಿವಾಲಯದ 2016ರ ಮಾರ್ಗಸೂಚಿ ಹೇಳುತ್ತದೆ. ರಜೆಯಲ್ಲಿ ಊರಿಗೆ ಹೋದಾಗ ಆಶಾ ಕಾರ್ಯಕರ್ತೆಯನ್ನು ವಿಚಾರಿಸಿದರೆ ಈ ಪರೀಕ್ಷೆ ಎಲ್ಲಿ ನಡೆಯುವುದೆಂದು ತಿಳಿಯುತ್ತದೆ.

ಇಂತಹ ಸರಳ ಪರೀಕ್ಷೆಯಿಂದ ಪ್ರಯೋಜನವಿದೆಯೇ ಎಂಬ ಪ್ರಶ್ನೆಗೆ ಕೇರಳದ ತಿರುವನಂತಪುರದಿಂದ ಉತ್ತರ ದೊರೆತಿದೆ. 1996ರಲ್ಲಿ ಅಲ್ಲಿ ಆರಂಭವಾದ ಅಧ್ಯಯನವೊಂದರಲ್ಲಿ ಸುಮಾರು 1 ಲಕ್ಷ 90 ಸಾವಿರ ಜನ ಸೇರಿದ್ದರು. ವೈದ್ಯರಲ್ಲದ, ಆದರೆ ತರಬೇತಿ ಪಡೆದ ಕಾರ್ಯಕರ್ತರು ಅವರಲ್ಲಿ ಅರ್ಧದಷ್ಟು ಜನರ ಬಾಯಿಯನ್ನು ಕಣ್ಣಿನಿಂದ ನೋಡಿ ಪರೀಕ್ಷಿಸಿದರು. ತಂಬಾಕು ಅಥವಾ ಮದ್ಯ ಬಳಸುವವರ ಪೈಕಿ ಬಾಯಿಯ ಕ್ಯಾನ್ಸರಿನಿಂದಾದ ಮರಣಗಳು ಪರೀಕ್ಷೆಗೊಳಗಾದ ಗುಂಪಿನಲ್ಲಿ ಸುಮಾರು ಮೂರನೆಯ ಒಂದು ಭಾಗದಷ್ಟು ಕಡಿಮೆಯಾಗಿದ್ದವೆಂದು 2005ರಲ್ಲಿ ಪ್ರಕಟವಾಯಿತು. ಭಾರತದಲ್ಲಿ 2020ರಲ್ಲಿ ಒಂದೇ ವರ್ಷದಲ್ಲಿ 1 ಲಕ್ಷ 35 ಸಾವಿರಕ್ಕೂ ಹೆಚ್ಚು ಜನರಿಗೆ ತುಟಿ ಮತ್ತು ಬಾಯಿಯ ಕ್ಯಾನ್ಸರ್ ಬಂದು, 75 ಸಾವಿರದಷ್ಟು ಜನ ಮಡಿದರೆಂಬ ಅಂದಾಜಿನೊಡನೆ ಇಟ್ಟು ನೋಡಿದರೆ ಮೂರನೆಯ ಒಂದು ಭಾಗ ಎಂಬುದರ ಬೆಲೆ ತಿಳಿಯುತ್ತದೆ.

ಅಭ್ಯಾಸ ಬಿಡುವ ಬಗೆ

ಬಿಟ್ಟರೆ ಫಲವಿದೆಯೇ? ಭಾವನಗರ, ಎರ್ನಾಕುಲಂ, ಶ್ರೀಕಾಕುಳಂ ಜಿಲ್ಲೆಗಳ ಸುಮಾರು 36,000 ತಂಬಾಕು ಬಳಕೆದಾರರಿಗೆ 1977ರಿಂದ ತಿಳಿವಳಿಕೆ ನೀಡಿ ವರ್ಷ ವರ್ಷವೂ ಬಾಯಿಯನ್ನು ಪರೀಕ್ಷಿಸಲಾಯಿತು. ಅಭ್ಯಾಸ ಬಿಟ್ಟವರಲ್ಲಿ ಹೊಸ ಬಿಳಿ ಮಚ್ಚೆಗಳು ಗಮನಾರ್ಹವಾಗಿ ಕಡಿಮೆಯಾದವು. ಇದ್ದ ಮಚ್ಚೆಗಳಲ್ಲಿಯೂ ಅನೇಕವು ಮಾಯವಾದವು. ವಿಶೇಷವಾಗಿ ತುಟಿಯ ಹಿಂದಿನ ಸುಕ್ಕುಗಟ್ಟಿದ ಮಚ್ಚೆಯು ತಂಬಾಕು ನಿಲ್ಲಿಸಿದ ಕೆಲವು ವಾರಗಳಲ್ಲಿಯೇ ತಿಳಿಯಾಗುವುದುಂಟು.

ಮೊದಲ ವಾರವೇ ಕಠಿಣ. ತಲೆನೋವು, ಸಿಡುಕು, ನಿದ್ದೆಯ ಏರುಪೇರು ಇವು ನಿಕೋಟಿನ್ ಇಲ್ಲದ ದೇಹದ ಪ್ರತಿಕ್ರಿಯೆಗಳೇ ಹೊರತು ತಂಬಾಕು ದೇಹಕ್ಕೆ ಅವಶ್ಯಕವೆಂಬುದರ ಸಾಕ್ಷ್ಯವಲ್ಲ. ಬಯಕೆ ಎದ್ದಾಗ ಅದು ಕೆಲವು ನಿಮಿಷಗಳಲ್ಲಿ ಇಳಿಯುತ್ತದೆ. ಆ ನಿಮಿಷಗಳಿಗಾಗಿ ನೀರು, ಸೋಂಪು, ಲವಂಗ ಯಾವುದನ್ನಾದರೂ ಜೇಬಿನಲ್ಲಿಟ್ಟುಕೊಳ್ಳಬಹುದು. ತಂಬಾಕಿನ ಬದಲಿಗೆ ಅಡಿಕೆ ಮಾತ್ರ ಕೂಡದು. ಜೊತೆಯ ಕೆಲಸಗಾರರು ಪ್ರೀತಿಯಿಂದಲೇ ಅಂಗೈ ಚಾಚುತ್ತಾರೆ. ಈ ಪ್ರೀತಿಯನ್ನು ನಿರಾಕರಿಸುವುದು ಬಯಕೆಯನ್ನು ತಡೆಯುವುದಕ್ಕಿಂತ ಕಷ್ಟ. ಆದುದರಿಂದ ಬಿಡುವ ನಿರ್ಧಾರವನ್ನು ಗುಟ್ಟಾಗಿಡದೆ ಷೆಡ್‌ನಲ್ಲಿ ಎಲ್ಲರಿಗೂ ತಿಳಿಸುವುದು ಮೇಲು. ತಂಬಾಕು ತ್ಯಜಿಸಲು ನೆರವಾಗುವ ರಾಷ್ಟ್ರೀಯ ದೂರವಾಣಿ ಸೇವೆಯ ಸಂಖ್ಯೆ 1800-11-2356. ಕರೆಗೆ ಶುಲ್ಕವಿಲ್ಲ. 2018ರಲ್ಲಿ ಈ ಸೇವೆಯನ್ನು ವಿಸ್ತರಿಸಿದಾಗ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ದಕ್ಷಿಣದ ಭಾಷೆಗಳಿಗಾಗಿ ಕೇಂದ್ರ ತೆರೆಯಲಾಯಿತು. ಬಾಲಾನಗರದಿಂದ ಕರೆ ಮಾಡುವವರೂ ಕನ್ನಡದಲ್ಲಿಯೇ ಮಾತನಾಡಬಹುದು.

ಮಚ್ಚೆ ಮಾಯವಾದ ನಂತರ, ಅಥವಾ ಅದನ್ನು ಕತ್ತರಿಸಿ ತೆಗೆದ ನಂತರವೂ, ವೈದ್ಯರು ಗೊತ್ತುಪಡಿಸಿದ ದಿನಗಳಂದು ಬಾಯಿಯನ್ನು ತೋರಿಸಬೇಕು. ಅದು ಅದೇ ಜಾಗದಲ್ಲಿ ಮರುಕಳಿಸಬಹುದು, ವರ್ಷಗಳ ನಂತರ ಬೇರೊಂದು ಜಾಗದಲ್ಲಿಯೂ ಕಾಣಿಸಿಕೊಳ್ಳಬಹುದು. ಊರು ಅಥವಾ ಕೆಲಸ ಬದಲಾಯಿಸುವವರು ಬಯಾಪ್ಸಿಯ ವರದಿಯನ್ನೂ, ಸಾಧ್ಯವಿದ್ದರೆ ಮಚ್ಚೆಯ ಛಾಯಾಚಿತ್ರವನ್ನೂ ತಮ್ಮೊಡನೆ ಇಟ್ಟುಕೊಂಡರೆ ಮುಂದಿನ ವೈದ್ಯರಿಗೆ ಅದು ಬೆಳೆದಿದೆಯೋ ಇಲ್ಲವೋ ಎಂಬುದನ್ನು ಹೋಲಿಸಿ ನೋಡಲು ಸಾಧ್ಯವಾಗುತ್ತದೆ.